ಮಡಿಕೇರಿಗೆ ಹೊಸಬರಾ? ಭಾನುವಾರ ಪಾರ್ಕಿಗೆ ಬನ್ನಿ

ದಾವಣಗೆರೆಯಿಂದ ವರ್ಗವಾಗಿ ಇಲ್ಲಿಗೆ ಬಂದಾಗ ನನಗೆ ಪರದೇಶಕ್ಕೆ ಬಂದ ಹಾಗಾಗಿತ್ತು. ಬಂದದ್ದು ಜೂನ್‌ನಲ್ಲಿ. ಒಗೆದ ಬಟ್ಟೆ ವಾರವಾದರೂ ಒಣಗಲಿಲ್ಲ. ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಎದುರು ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ. ನನ್ನ ಹತ್ತಿರ ಎಲ್ಲರೂ ಕನ್ನಡವೇ ಆಡುತ್ತಿದ್ದರು. ಆದರೆ ಮಾತು 'ಎಂತ, ಮಳೆ ಜೋರಾ?' ಅನ್ನುವಲ್ಲಿಗೆ ಮುಗಿದು ಹೋಗುತ್ತಿತ್ತು. ಜನರ ಪರಿಚಯ ಆದದ್ದು ಬಡಾವಣೆಯ ಪಾರ್ಕಿನಲ್ಲಿ, ಕೈಗೆ ಮಣ್ಣು ಹತ್ತಿದ ಮೇಲೆ.

ಪಾರ್ಕಿನ ಗಿಡ ನೋಡಿಕೊಳ್ಳುವ ನಮ್ಮ ಗುಂಪಿಗೆ ಹೆಸರಿಲ್ಲ, ಚಂದಾ ಇಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಬರುವುದು, ಒಂಬತ್ತಕ್ಕೆ ಮನೆಗೆ ಹೋಗುವುದು, ಅಷ್ಟೇ. ನಿಮ್ಮಿಂದ ಒಂದೇ ಬೇಡಿಕೆ: ಮೊದಲ ವರ್ಷ ಕೇಳದೆ ಏನನ್ನೂ ಕೀಳಬೇಡಿ.

ಯಾಕೆ ಅಂದರೆ, ನಾನು ಕಿತ್ತಿದ್ದೆ. ಬೇಲಿ ಪಕ್ಕದ ನೆರಳಲ್ಲಿ ಮೊಣಕಾಲೆತ್ತರ ಹಸಿರು ಗಿಡ ಪೊದೆಯಾಗಿ ಬೆಳೆದಿತ್ತು. ಕಳೆ ಅಂದುಕೊಂಡು ಒಂದೇ ಬೆಳಿಗ್ಗೆ ಪೂರ್ತಿ ಸಾಲು ಬೋಳು ಮಾಡಿದೆ. ಬೆವರು ಒರೆಸಿಕೊಂಡು ಹೊಗಳಿಕೆಗೆ ಕಾಯುತ್ತಿದ್ದೆ ಬೇರೆ! ಹಿರಿಯ ಅಕ್ಕ ಒಬ್ಬರು ಬಂದು ರಾಶಿ ನೋಡಿ, 'ಅಯ್ಯೋ, ಮದ್ದುಸೊಪ್ಪು ಅಲ್ವಾ ಇದು!' ಅಂದರು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂದು ಇಲ್ಲಿನವರ ನಂಬಿಕೆ. ಕುದಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ. ಅದರಲ್ಲಿ ಪಾಯಸ ಮಾಡುತ್ತಾರೆ. ಪುಣ್ಯಕ್ಕೆ ಬುಡ ಉಳಿದಿತ್ತು, ಮತ್ತೆ ಚಿಗುರಿತು. ಬೈದ ಅಕ್ಕನೇ ಆ ಸಲ ಮನೆಗೆ ಪಾಯಸ ಕಳಿಸಿದರು. (ತಿಂದ ಮರುದಿನ ಮೂತ್ರ ಕೆಂಪಾದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ.)

ಗಿಡ ನೆಡುವ ಉತ್ಸಾಹ ಹೊಸಬರಿಗೆ ಜಾಸ್ತಿ. ನೆಡಿ. ಆದರೆ ಬಯಲುಸೀಮೆಯ ರೂಢಿ ಇಲ್ಲಿ ನಡೆಯುವುದಿಲ್ಲ. ನಮ್ಮೂರಲ್ಲಿ ಬುಡದ ಸುತ್ತ ತಗ್ಗು ಪಾತಿ ಮಾಡಿ ನೀರು ನಿಲ್ಲಿಸುತ್ತೇವೆ. ಇಲ್ಲಿ ಜುಲೈನಲ್ಲಿ ಹಾಗೆ ಮಾಡಿದರೆ ಬೇರು ಕೊಳೆಯುತ್ತದೆ. ಮಳೆಗಾಲಕ್ಕೆ ಬುಡ ಏರಿಸಬೇಕು, ನೀರು ಹರಿದು ಹೋಗಬೇಕು. ಪಾತಿ, ತರಗೆಲೆ ಮುಚ್ಚಿಗೆ ಎಲ್ಲ ಜನವರಿ ನಂತರ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವ ತನಕ ಬಕೆಟ್ ಹಿಡಿದು ನೀರು ಹಾಕುವವರೇ ನಮಗೆ ಬೇಕಾದವರು. ಕಾಫಿ ಕೊಯ್ಲು ಶುರುವಾದರೆ ತೋಟದವರು ಬರುವುದಿಲ್ಲ, ಆಗ ನಮ್ಮಂಥ ನೌಕರಿಯವರದ್ದೇ ಪಾಳಿ.

ಯಾವ ಗಿಡ? ಹಲಸು, ನೇರಳೆ, ಅತ್ತಿ ನೆಟ್ಟರೆ ಹಕ್ಕಿ ಬರುತ್ತವೆ. ಸಿಲ್ವರ್ ಓಕ್ ಬೇಗ ಎತ್ತರ ಹೋಗುತ್ತದೆ, ನಿಜ. ಆಸ್ಟ್ರೇಲಿಯಾದ ಮರ, ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ಸರಿ. ಮಕ್ಕಳು ಆಡುವ ಜಾಗದಲ್ಲಿ ನನಗಂತೂ ಬೇಡ, ಗಾಳಿ ಮಳೆಗೆ ಕೊಂಬೆ ಮುರಿಯುತ್ತದೆ.

ದೊಡ್ಡ ಮರ ಕಡಿಯುವ ಮಾತು ಬಂದರೆ ಕತ್ತಿ ಕೆಳಗಿಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ತಂತಿಗೆ ತಾಗುವ ಕೊಂಬೆಗೆ ಕರೆಂಟಿನವರನ್ನು ಮೇ ತಿಂಗಳಲ್ಲೇ ಕರೆಸುತ್ತೇವೆ.

ಪಾರ್ಕಿನ ಹಿಂದೆ ಬರೆ ಇದೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಅದರ ಬುಡದ ಮಣ್ಣು ಒಂದು ಬುಟ್ಟಿಯೂ ತೆಗೆಯಬೇಡಿ. 2018ರ ಆಗಸ್ಟ್‌ನಲ್ಲಿ ಬರೆ, ಗುಡ್ಡ ಕುಸಿದದ್ದನ್ನು ಕಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ. ಆ ಮೂಲೆಯ ಚರಂಡಿಯಲ್ಲಿ ಎಲೆ ಕಟ್ಟಿಕೊಂಡರೆ ಅವರು ಫೋನ್ ಮಾಡಿಯೂ ಕರೆಯುತ್ತಾರೆ, ಮಳೆಯಲ್ಲೂ.

ಬರುವಾಗ ಗಂಬೂಟು, ಒಂದು ಪೊಟ್ಟಣ ಉಪ್ಪು ಇರಲಿ, ಜಿಗಣೆಗೆ. ಕಾಫಿ ಫ್ಲಾಸ್ಕ್ ತರುವ ಸರದಿ ಹೊಸಬರಿಗೆ ಮೂರನೇ ವಾರ ಬರುತ್ತದೆ. ಬೆಲ್ಲದ ಕಾಫಿಯಾದರೆ ಎರಡು ಫ್ಲಾಸ್ಕ್ ತನ್ನಿ, ಒಂದು ಸಾಕಾಗುವುದಿಲ್ಲ.