ಫ್ಯಾಮಿಕಾಮ್ ಕಾರ್ಟ್ರಿಡ್ಜ್‌ಗೆ ಊದಬೇಡಿ

1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪನಿಯ ವಿಡಿಯೊ ಗೇಮ್ ಯಂತ್ರ ಫ್ಯಾಮಿಕಾಮ್ ಸಂಗ್ರಹಿಸುತ್ತಿರುವ ಸದಸ್ಯರಲ್ಲಿ ಒಂದು ವಿನಂತಿ: ಆಟ ಶುರುವಾಗದೆ ಪರದೆ ಖಾಲಿಯಾಗಿ ನಿಂತಾಗ ಕಾರ್ಟ್ರಿಡ್ಜ್‌ನ (ಯಂತ್ರಕ್ಕೆ ಕೂರಿಸುವ ಆಟದ ಡಬ್ಬಿಯ) ಬಾಯಿಗೆ ಊದುವ ಬಾಲ್ಯದ ರೂಢಿಯನ್ನು ದಯವಿಟ್ಟು ಬಿಡಿ. ಉಸಿರಿನ ತೇವದಿಂದ ಪಿನ್‌ಗಳಿಗೆ ಕ್ರಮೇಣ ಕಿಲುಬು ಹಿಡಿಯುತ್ತದೆ. ಊದಿದ ಮೇಲೆ ಆಟ ನಡೆಯುವುದು ಹೆಚ್ಚಾಗಿ ಕಾರ್ಟ್ರಿಡ್ಜನ್ನು ತೆಗೆದು ಮತ್ತೆ ಕೂರಿಸಿದ್ದರಿಂದಲೇ. ಅದರ ಬದಲು ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಎರಡೂ ಬದಿಗಳಲ್ಲಿರುವ ಒಟ್ಟು 60 ಪಿನ್‌ಗಳನ್ನು ಅವುಗಳ ಉದ್ದಕ್ಕೆ ಮೃದುವಾಗಿ ಒರೆಸಿ, ಹತ್ತಿ ಕಪ್ಪಾಗುವುದು ನಿಂತ ಮೇಲೆ ಪೂರ್ತಿ ಆರಲು ಬಿಡಿ. ನನ್ನ ಒಂದು ಕಾರ್ಟ್ರಿಡ್ಜ್‌ಗೆ ಒಂಬತ್ತು ಕಡ್ಡಿಗಳು ಬೇಕಾದವು. ಹತ್ತನೆಯದು ಬೆಳ್ಳಗೆ ಬಂದಾಗ ಆದ ಸಂತೋಷ ದೊಡ್ಡದು. ಮರಳು ಕಾಗದವನ್ನಂತೂ ಮುಟ್ಟಲೇಬೇಡಿ.

ಇದಕ್ಕಿಂತ ಮುಖ್ಯವಾದದ್ದು ವಿದ್ಯುತ್ತಿನ ವಿಷಯ. ಜಪಾನಿನ ಮೂಲ ಅಡಾಪ್ಟರ್ 100 ವೋಲ್ಟ್‌ಗೆ ತಯಾರಾದದ್ದು, ಆದ್ದರಿಂದ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್ ಸಾಕೆಟ್‌ಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಅಮೆರಿಕದ ಎನ್‌ಇಎಸ್ (ಅಲ್ಲಿ ಮಾರಾಟವಾದ ಫ್ಯಾಮಿಕಾಮ್ ರೂಪ) ಅಡಾಪ್ಟರಿನ ಪಿನ್ ಫ್ಯಾಮಿಕಾಮ್‌ಗೆ ಸರಿಯಾಗಿ ಕೂರುತ್ತದೆಯಾದರೂ ಅದು ಕೊಡುವುದು 9 ವೋಲ್ಟ್ ಎಸಿ. ಫ್ಯಾಮಿಕಾಮ್‌ಗೆ ಬೇಕಾದದ್ದು ಡಿಸಿ.