ಒಂದು ಕಣ ಮೂರಾಗಿ ಒಡೆದಾಗ: ಲೆಕ್ಕ ಹಾಕುವುದು ಹೇಗೆ?

ನಿಂತಿರುವ ಕಣವೊಂದು ಎರಡಾಗಿ ಒಡೆದರೆ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕೇಆನ್ ಎಂಬ ಅಲ್ಪಾಯು ಸೂಕ್ಷ್ಮಕಣ ಮ್ಯೂಆನ್ ಮತ್ತು ನ್ಯೂಟ್ರಿನೊ ಎಂಬ ಹಗುರ ಕಣಗಳಾಗಿ ಕ್ಷಯಿಸಿದಾಗ ಮ್ಯೂಆನಿನ ಸಂವೇಗ ಪ್ರತಿ ಸಲವೂ 236 ಎಂಇವಿ (ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್). ಅದೇ ಕೇಆನ್ ಪಯಾನ್ ಎಂಬ ಮೂರು ಕಣಗಳಾಗಿ ಒಡೆದರೆ ಪ್ರತಿ ಸಲವೂ ಹಂಚಿಕೆ ಬೇರೆ. ಈ ಲೆಕ್ಕವನ್ನು ಪಿಯುಸಿ ಗಣಿತದಿಂದಲೇ ಬಿಡಿಸಬಹುದು.

ಮೊದಲು, ಹಂಚಲು ಎಷ್ಟಿದೆ ನೋಡಿ. ಬೆಳಕಿನ ವೇಗವನ್ನು 1 ಎಂದಿಟ್ಟುಕೊಂಡರೆ ದ್ರವ್ಯರಾಶಿ, ಸಂವೇಗ, ಶಕ್ತಿ ಎಲ್ಲವನ್ನೂ ಎಂಇವಿಯಲ್ಲೇ ಬರೆಯಬಹುದು. ಧನ ವಿದ್ಯುದಂಶವುಳ್ಳ ಕೇಆನಿನ ದ್ರವ್ಯರಾಶಿ 493.68, ವಿದ್ಯುದಂಶವುಳ್ಳ ಪಯಾನಿನದು 139.57. ಮೂರು ಪಯಾನ್ ಕಳೆದರೆ ಉಳಿಯುವುದು ಸುಮಾರು 75 ಎಂಇವಿ. ಅಷ್ಟೂ ಚಲನಶಕ್ತಿ.

ಎರಡನೆಯದು, ಒಂದೇ ಪಯಾನ್‌ಗೆ ಗರಿಷ್ಠ ಎಷ್ಟು ಸಿಗಬಹುದು? 75 ಅಂತೂ ಅಲ್ಲ. ಅದು ಒಂದು ಕಡೆ ಓಡಿದರೆ ಸಂವೇಗ ಸರಿದೂಗಿಸಲು ಉಳಿದೆರಡು ಎದುರು ದಿಕ್ಕಿಗೆ ಓಡಲೇಬೇಕು. ಅವೆರಡೂ ಒಂದೇ ವೇಗದಲ್ಲಿ ಜೊತೆಯಾಗಿ ಹೊರಟಾಗ ಮೊದಲನೆಯದಕ್ಕೆ ಹೆಚ್ಚು ಪಾಲು. ಆಗ ದ್ರವ್ಯರಾಶಿಯೂ ಸೇರಿ ಆ ಮೊದಲ ಪಯಾನಿನ ಒಟ್ಟು ಶಕ್ತಿ = (ಕೇಆನ್ ದ್ರವ್ಯರಾಶಿಯ ವರ್ಗ − 3 × ಪಯಾನ್ ದ್ರವ್ಯರಾಶಿಯ ವರ್ಗ) ÷ (2 × ಕೇಆನ್ ದ್ರವ್ಯರಾಶಿ). ಉತ್ತರ 187.65; ಪಯಾನ್ ದ್ರವ್ಯರಾಶಿ ಕಳೆದರೆ ಚಲನಶಕ್ತಿ 48 ಎಂಇವಿ.

ಮೂರನೆಯ ಹೆಜ್ಜೆಯೇ ಇಡೀ ಲೆಕ್ಕದ ಜೀವಾಳ. ಕೇಆನ್ ನಿಂತಿತ್ತು, ಆದ್ದರಿಂದ ಮೂರು ಸಂವೇಗಗಳನ್ನು ತುದಿಗೆ ತುದಿ ಜೋಡಿಸಿದರೆ ತ್ರಿಭುಜ ಮುಚ್ಚಿಕೊಳ್ಳಬೇಕು. ಚಲನಶಕ್ತಿಗಳು 40, 20, 15 ಎಂದುಕೊಳ್ಳಿ. ಸಂವೇಗದ ವರ್ಗ = ಚಲನಶಕ್ತಿಯ ವರ್ಗ + 2 × ದ್ರವ್ಯರಾಶಿ × ಚಲನಶಕ್ತಿ. ಸಂವೇಗಗಳು 113, 77.3, 66.4 ಬರುತ್ತವೆ. ತ್ರಿಭುಜ ಮುಚ್ಚುತ್ತದೆ, ಕೊಸೈನ್ ನಿಯಮ ಹಾಕಿದರೆ ಮೊದಲೆರಡು ಪಯಾನ್‌ಗಳ ನಡುವಿನ ಕೋನ ಸುಮಾರು 145 ಡಿಗ್ರಿ. ಈಗ 45, 29, 1 ಹಾಕಿ ನೋಡಿ. ಮೊತ್ತ 75 ಆಗುತ್ತದೆ, ಯಾವುದೂ 48 ದಾಟಿಲ್ಲ. ಆದರೆ ಸಂವೇಗಗಳು 120.8, 94.5, 16.7. ಚಿಕ್ಕ ಎರಡು ಬಾಹುಗಳನ್ನು ಕೂಡಿಸಿದರೂ ದೊಡ್ಡದಕ್ಕೆ ಸಾಲದು. ಇಂಥ ಕ್ಷಯ ನಡೆಯಲಾರದು. ಶಕ್ತಿ ಸರಿಹೋಯಿತೆಂದು ಇಲ್ಲೇ ನಿಲ್ಲಿಸುವ ವಿದ್ಯಾರ್ಥಿಗಳೇ ಹೆಚ್ಚು. ತ್ರಿಭುಜ ಪರೀಕ್ಷೆ ಬಿಡಲೇಬೇಡಿ.

ನಾಲ್ಕನೆಯದು ನಕ್ಷೆ. ಮೂರು ಕಣಗಳ ಸಂವೇಗಕ್ಕೆ ಒಟ್ಟು 9 ಸಂಖ್ಯೆಗಳು. ಶಕ್ತಿ ಮತ್ತು ಸಂವೇಗದ ಸಂರಕ್ಷಣೆಗೆ 4 ಹೋದವು, ತ್ರಿಭುಜ ಯಾವ ಕಡೆಗೆ ತಿರುಗಿದೆ ಎನ್ನುವುದಕ್ಕೆ 3. ಉಳಿದದ್ದು 2. ಹಾಗಾಗಿ ಒಂದೊಂದು ಕ್ಷಯವೂ ಕಾಗದದ ಮೇಲೆ ಒಂದು ಚುಕ್ಕೆ. 1953ರಲ್ಲಿ ಭೌತವಿಜ್ಞಾನಿ ರಿಚರ್ಡ್ ಡಾಲಿಟ್ಜ್ ಈ ಚಿತ್ರವನ್ನು ಕೊಟ್ಟರು. ತ್ರಿಭುಜ ಚಪ್ಪಟೆಯಾಗಿ ಗೆರೆಯಾಗುವ ಜಾಗವೇ ಅದರ ಗಡಿ. ಒಳಗೆ ಚುಕ್ಕೆಗಳು ಹೆಚ್ಚುಕಡಿಮೆ ಸಮನಾಗಿ ಹರಡಿದ್ದವು. ಮೂರು ಪಯಾನ್ ಕೊಡುವ ‘ಟೌ’ ಮತ್ತು ಎರಡು ಪಯಾನ್ ಕೊಡುವ ‘ಥೀಟಾ’ ಎಂದು ಆಗ ಕರೆಯುತ್ತಿದ್ದ ಕಣಗಳ ಪ್ಯಾರಿಟಿ (ಕನ್ನಡಿ ಬಿಂಬದಂತೆ ದಿಕ್ಕುಗಳು ಅದಲುಬದಲಾದರೆ ಕಣ ಹೇಗೆ ವರ್ತಿಸುತ್ತದೆ ಎಂಬ ಗುಣ) ಬೇರೆ ಎಂಬ ತೀರ್ಮಾನಕ್ಕೆ ಅದು ದಾರಿ ಮಾಡಿತು. ಆದರೆ ಎರಡರ ದ್ರವ್ಯರಾಶಿಯೂ ಆಯಸ್ಸೂ ಒಂದೇ! ಇಂಥ ಕ್ಷಯಗಳಿಗೆ ಕಾರಣವಾದ ದುರ್ಬಲ ಬಲ ಪ್ಯಾರಿಟಿಯನ್ನು ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಪುರಾವೆಯೇ ಇಲ್ಲ ಎಂದು ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ 1956ರಲ್ಲಿ ತೋರಿಸಿದ್ದು ಈ ಒಗಟಿನಿಂದಲೇ. ಟೌ, ಥೀಟಾ ಎರಡೂ ಒಂದೇ ಕೇಆನ್.

ಕೇಆನ್ ಓಡುತ್ತಿದ್ದರೆ? ಶಕ್ತಿ, ಕೋನ ಎಲ್ಲವೂ ಬದಲಾಗುತ್ತವೆ. ಯಾವುದೇ ಎರಡು ಪಯಾನ್‌ಗಳ ಜೋಡಿ ದ್ರವ್ಯರಾಶಿ ಮಾತ್ರ ಬದಲಾಗದು. ಜೋಡಿಯ ಒಟ್ಟು ಶಕ್ತಿಯ ವರ್ಗದಿಂದ ಒಟ್ಟು ಸಂವೇಗದ ವರ್ಗ ಕಳೆದು ವರ್ಗಮೂಲ ತೆಗೆಯಿರಿ. ಮೇಲಿನ ಉದಾಹರಣೆಯಲ್ಲಿ 20 ಮತ್ತು 15ರ ಜೋಡಿಗೆ ಸುಮಾರು 293 ಎಂಇವಿ. ಇಂದಿನ ಪ್ರಯೋಗಗಳು ನಕ್ಷೆಯ ಅಕ್ಷಗಳಲ್ಲಿ ಈ ದ್ರವ್ಯರಾಶಿಯ ವರ್ಗವನ್ನೇ ಇಡುತ್ತವೆ. ನಡುವೆ ಅಲ್ಪಾಯು ಕಣವೊಂದು ಹುಟ್ಟಿ ಸತ್ತಿದ್ದರೆ ಅದರ ದ್ರವ್ಯರಾಶಿ ಇರುವಲ್ಲಿ ಚುಕ್ಕೆಗಳು ಪಟ್ಟಿಯಾಗಿ ಒತ್ತೊತ್ತಾಗುತ್ತವೆ.