ಕೋಟೆ ಕಂಡಲ್ಲಿ ಗೇರ್ ಇಳಿಸಬೇಕು: ವಾಸ್ಕೋದಿಂದ ಕಾರವಾರಕ್ಕೆ ಸೈಕಲ್‌ನಲ್ಲಿ

ನಾನು ವಾಸ್ಕೋದಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಊರು ಕುಮಟಾ ಬಳಿ. ಹಬ್ಬಕ್ಕೋ ಮದುವೆಗೋ ಹೋಗಬೇಕಾದಾಗ ಮಡಗಾಂವಿನಿಂದ ರೈಲು ಹಿಡಿಯುತ್ತೇನೆ. ಕೊಂಕಣ ರೈಲ್ವೆಯ ಕಿಟಕಿಯಲ್ಲಿ ಕುಳಿತವರಿಗೆ ಸುರಂಗ, ಗದ್ದೆ, ಹೊಳೆ, ಮತ್ತೆ ಸುರಂಗ ಕಾಣುತ್ತವೆಯೇ ಹೊರತು ಕಡಲು ಕಾಣುವುದು ಅಪರೂಪ. ಪ್ರತಿ ಸಲ ಪಕ್ಕದಲ್ಲೇ ಇದ್ದೂ ಕಾಣದೆ ಹೋಗುವ ಆ ಕಡಲನ್ನು ನೋಡಿಕೊಂಡು ಕಾರವಾರದವರೆಗೆ ಸೈಕಲ್‌ನಲ್ಲಿ ಹೋಗಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಕಳೆದ ಜನವರಿಯಲ್ಲಿ ಎರಡು ದಿನ ರಜೆ ಹಾಕಿ ಹೊರಟೆ.

ತಿಂಗಳು ಮತ್ತು ದಿಕ್ಕು ಎರಡನ್ನೂ ಯೋಚಿಸಿಯೇ ಆರಿಸಿದ್ದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಗೋವೆಯ ಕರಾವಳಿಯಲ್ಲಿ ಬೆಳಿಗ್ಗೆ ನೆಲದಿಂದ ಕಡಲಿನ ಕಡೆಗೆ ತೆಳುವಾದ ಗಾಳಿ ಬೀಸುತ್ತದೆ. ಮಧ್ಯಾಹ್ನವಾದರೆ ಕಡಲಿನಿಂದ, ಹೆಚ್ಚಾಗಿ ವಾಯವ್ಯದಿಂದ, ಜೋರಾದ ಗಾಳಿ ಏಳುತ್ತದೆ. ತೆಂಕು ಮುಖವಾಗಿ ಹೋಗುವವನಿಗೆ ದಣಿವಾಗುವ ಹೊತ್ತಿಗೇ ಆ ಗಾಳಿ ಬೆನ್ನ ಹಿಂದೆ ಸಿಗುತ್ತದೆ. ಕಾರವಾರದಿಂದ ವಾಸ್ಕೋಗೆ ಬರುವವನಾದರೆ ಅದೇ ಗಾಳಿ ಎದೆಗೆ ಹೊಡೆಯುತ್ತದೆ.

ದಾರಿಗಳು ಎರಡಿವೆ. ರಾಷ್ಟ್ರೀಯ ಹೆದ್ದಾರಿ 66 ಕುಂಕಳ್ಳಿಯ ಆಚೆ ಕರ್ಮಲ್ ಘಾಟಿನ ಮೂಲಕ ಕಾಣಕೋಣಕ್ಕೆ ಹೋಗುತ್ತದೆ. ದೂರ ಕಡಿಮೆಯಾದರೂ ಕಾಡಿನ ತಿರುವುಗಳಲ್ಲಿ ಲಾರಿಗಳ ಪಕ್ಕದಲ್ಲಿ ಸೈಕಲ್ ತುಳಿಯುವ ಧೈರ್ಯ ನನಗಿಲ್ಲ. ಇನ್ನೊಂದು ದಾರಿ ವೆಲ್ಸಾಂವ್, ಕೋಲ್ವಾ, ಕಾವೆಲೊಸಿ, ಬೇತುಲ್, ಕಾಬೊ ದಿ ರಾಮಾ, ಆಗೊಂದ ಎಂದು ಕಡಲಂಚನ್ನೇ ಹಿಡಿದು ಹೋಗುವಂಥದ್ದು. ನನ್ನ ಮೀಟರಿನ ಪ್ರಕಾರ ಆಗೊಂದದವರೆಗೆ ಮೊದಲ ದಿನ 75 ಕಿ.ಮೀ. ಆಸುಪಾಸು, ಅಲ್ಲಿಂದ ಕಾರವಾರಕ್ಕೆ ಎರಡನೆಯ ದಿನ 45. ಅಂಕಿ ನೋಡಿದರೆ ದೊಡ್ಡದೇನಲ್ಲ ಎನಿಸುತ್ತದೆ, ಆದರೆ ಈ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ಸಾಳ, ತಳಪಣ, ಗಾಲ್ಜಿಬಾಗ ನದಿಗಳು ಸಹ್ಯಾದ್ರಿಯ ಚಾಚುಗಳ ನಡುವೆ ಕಡಲು ಸೇರುತ್ತವೆ. ಒಂದೊಂದು ನದಿಗೂ ಇಳಿಯಬೇಕು, ನದಿ ದಾಟಿದ ಮೇಲೆ ಎದುರಿಗಿರುವ ಚಿರೇಕಲ್ಲಿನ ದಿಣ್ಣೆ ಹತ್ತಬೇಕು. ಹಿಂದಿನವರು ಕೋಟೆ ಕಟ್ಟಿದ್ದು ಆ ದಿಣ್ಣೆಗಳ ತುದಿಯಲ್ಲಿ. ನಕ್ಷೆಯಲ್ಲಿ ಕೋಟೆಯ ಗುರುತು ಕಂಡರೆ ಅಲ್ಲೊಂದು ಏರು ಕಾದಿದೆ ಎಂದೇ ಲೆಕ್ಕ.

ಬೆಳಿಗ್ಗೆ ಐದೂವರೆಗೆ ಹೊರಟು ಜುವಾರಿನಗರದ ದಿಣ್ಣೆ ಇಳಿದು ವೆಲ್ಸಾಂವ್ ಸೇರುವಷ್ಟರಲ್ಲಿ ಬೆಳಕು ಹರಿದಿತ್ತು. ಅಲ್ಲಿನ ಗುಡ್ಡದ ಮೇಲೆ ಮೂವರು ಅರಸರ ಚಾಪೆಲ್ ಇದೆ. ಜನವರಿ 6ರಂದು ಮೂವರು ಹುಡುಗರು ಅರಸರ ವೇಷದಲ್ಲಿ ಕುದುರೆಯೇರಿ ಆ ಗುಡ್ಡಕ್ಕೆ ಬರುತ್ತಾರೆ. ಗುಡ್ಡದ ಬುಡದಲ್ಲಿ ಒಬ್ಬ ಪೊದೇರ, ಅಂದರೆ ಮನೆಮನೆಗೆ ಪಾವ್ ಮಾರುವವನು, ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಸೈಕಲ್‌ನಲ್ಲಿ ಬಂದ. ಅವನಿಂದ ಎರಡು ಪೊಯಿ ಕೊಂಡು ತಿನ್ನುವಾಗ ಅವನ ಸೈಕಲ್ಲನ್ನು ನೋಡಿದೆ. ಆ ದೊಡ್ಡ ಬಿದಿರಿನ ಬುಟ್ಟಿಯ ಭಾರವೆಲ್ಲ ಸೀಟಿಗೆ ಒತ್ತಿಕೊಂಡು ಹಿಂದಿನ ಚಕ್ರದ ನಡುವಿನ ಮೇಲೆಯೇ ಕುಳಿತಿತ್ತು. ನಾನು ಟೆಂಟು, ಬಟ್ಟೆ, ಪಂಪು, ಎರಡು ಲೀಟರ್ ನೀರು ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಕ್ಯಾರಿಯರ್‌ನ ಹಿಂತುದಿಗೆ ಬಿಗಿದಿದ್ದೆ. ಅದು ತಪ್ಪೆಂದು ಆಗಲೇ ಹೊಳೆದಿತ್ತು. ಬಿಚ್ಚಿ ಕಟ್ಟುವುದಕ್ಕೆ ಸೋಮಾರಿತನ ಬಿಡಲಿಲ್ಲ.

ಕೋಲ್ವಾ, ಬಾಣಾವಲಿ, ವಾರ್ಕಾ ದಾಟಿ ಕಾವೆಲೊಸಿಯವರೆಗೂ ರಸ್ತೆ ಸಮತಟ್ಟು, ಹೇಳುವಂಥದ್ದೇನೂ ನಡೆಯಲಿಲ್ಲ. ಕಾವೆಲೊಸಿಯಲ್ಲಿ ಸಾಳ ನದಿಗೆ ಫೆರಿ ಇದೆ. ಇಳಿದಾಣದ ಕಲ್ಲು ಪಾಚಿಗಟ್ಟಿರುತ್ತದೆಯಾದ್ದರಿಂದ ಸೈಕಲ್ಲಿನಿಂದ ಇಳಿದು, ಬ್ರೇಕ್ ಹಿಡಿದು, ತಳ್ಳಿಕೊಂಡೇ ಹೋಗಬೇಕು. ಆಚೆ ದಡದ ಅಸೋಳಣೆಯಲ್ಲಿ ಗೋವೆಯವರು ಖಾಜನ್ ಎಂದೂ ನಮ್ಮ ಅಘನಾಶಿನಿಯ ಕಡೆಯವರು ಗಜನಿ ಎಂದೂ ಕರೆಯುವ ಉಪ್ಪುನೀರಿನ ಗದ್ದೆಗಳಿವೆ. ಕುಂಕಳ್ಳಿಯವರು ಬಲವಂತದ ಮತಾಂತರದ ವಿರುದ್ಧ ದಂಗೆಯೆದ್ದ 1583ರಲ್ಲಿ, ಅವರ ಮುಖಂಡರಾದ ಗಾಂವಕರರನ್ನು ಪೋರ್ಚುಗೀಸರು ಮಾತುಕತೆಗೆಂದು ಕರೆಸಿ ಕೊಂದದ್ದು ಇದೇ ಅಸೋಳಣೆಯ ಕೋಟೆಯಲ್ಲಿ. ನಾನು ಗದ್ದೆಯ ಬದುವಿನಲ್ಲಿ ಕುಳಿತು ಕೋಕಂ ನೀರು ಕುಡಿದು ಮುಂದೆ ಹೋದೆ.

ಬೇತುಲ್ ದಾಟಿದ ಕೂಡಲೇ ದಾರಿಯ ಸ್ವಭಾವ ಬದಲಾಗುತ್ತದೆ. ಸಾಳ ನದಿಯ ಬಾಯಿಯನ್ನು ಕಾಯಲು 1679ರಲ್ಲಿ ಶಿವಾಜಿಯ ಆಜ್ಞೆಯಂತೆ ಕಟ್ಟಿದ ಕೋಟೆ ಇಲ್ಲಿತ್ತು. ನಾನು ಹೇಳಿದ ಲೆಕ್ಕದಂತೆ ಏರು ಶುರುವಾಗುವುದೂ ಇಲ್ಲಿಂದಲೇ. ಮೊದಲ ತಿರುವಿನಲ್ಲಿಯೇ ಹಿಂದಿನ ಭಾರಕ್ಕೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಆಗ ಇಳಿದು, ಪೊದೇರನನ್ನು ನೆನೆದು, ಚೀಲವನ್ನು ಬಿಚ್ಚಿ ಎರಡು ಮಾಡಿ, ನೀರನ್ನು ಫ್ರೇಮಿಗೂ ಟೆಂಟನ್ನು ಹ್ಯಾಂಡಲಿಗೂ ಕಟ್ಟಿ, ಉಳಿದದ್ದನ್ನು ಸೀಟಿಗೆ ಒತ್ತಿ ಬಿಗಿದೆ. ರಸ್ತೆ ಬದಿಯಲ್ಲಿ ಕೇಬಲ್ ಗುಂಡಿ ತೋಡುತ್ತಿದ್ದ ವಿಜಯಪುರದ ಕಡೆಯ ಆಳುಗಳಲ್ಲಿ ಒಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಬಸ್ಸ ತಪ್ಪೇತೇನ್ರೀ ಸರ?" ಎಂದು ಕೇಳಿದರು. ಇಲ್ಲ, ಬೇಕಂತಲೇ ಬಂದಿದ್ದೇನೆ ಎಂದದ್ದಕ್ಕೆ ಅವರ ಮುಖದಲ್ಲಿ ಕಂಡದ್ದು ಮರುಕ.

ಕಾಬೊ ದಿ ರಾಮಾ ಕೋಟೆಯಲ್ಲಿ ಕಳೆಯಲೆಂದು ಎರಡು ತಾಸು ಉಳಿಸಿಕೊಂಡಿದ್ದೆ, ಅದು ಸಾಲಲಿಲ್ಲ. ವನವಾಸದಲ್ಲಿ ರಾಮ ಇಲ್ಲಿದ್ದನೆಂಬ ಕಥೆಯಿಂದ ಆ ಹೆಸರು ಬಂದಿದೆ. ಒಳಗೆ ಸಂತ ಆಂತೋನಿಯ ಇಗರ್ಜಿ, ಹುಲ್ಲಿನಲ್ಲಿ ಬಿದ್ದ ತುಕ್ಕಿನ ಫಿರಂಗಿಗಳು, ಪಶ್ಚಿಮಕ್ಕೆ ನೇರ ಕಡಲಿಗೆ ಇಳಿಯುವ ಕಡಿದಾದ ಬಂಡೆ ಇವೆ. ಇದು ಸೋದೆ ಅರಸರ ಕೋಟೆಯಾಗಿತ್ತು. ವಾದಿರಾಜರ ಮಠದಿಂದ ನಮಗೆಲ್ಲ ಪರಿಚಿತವಾದ, ಶಿರಸಿಯ ಹತ್ತಿರದ ಅದೇ ಸೋದೆ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಸೋದೆಯ ಮೇಲೆ ಬಿದ್ದಾಗ ಅಲ್ಲಿನ ಅರಸ ಗೋವೆಗೆ ಬಂದು ಪೋರ್ಚುಗೀಸರ ಆಶ್ರಯ ಪಡೆದ, ಮುಂದೆ ಫೋಂಡಾ ಬಳಿಯ ಬಾಂದಿವಡೆಯಲ್ಲೇ ಅವನ ಮನೆತನ ಉಳಿಯಿತು. ಕೋಟೆ ಪೋರ್ಚುಗೀಸರ ಪಾಲಾಗಿ, 1955ರವರೆಗೂ ಸೆರೆಮನೆಯಾಗಿತ್ತು. ನೀರು, ನೆರಳು, ಸೈಕಲ್ ಒರಗಿಸಲು ಗೋಡೆ ಮೂರೂ ಸಿಗುವ ಜಾಗ ಈ ದಾರಿಯಲ್ಲಿ ಇದೊಂದೇ ಎಂಬುದು ನನ್ನ ಅನಿಸಿಕೆ. ನಡು ಮಧ್ಯಾಹ್ನದ ಬಿಸಿಲನ್ನು ಇಲ್ಲಿಯೇ ಕಳೆಯುವುದು ಒಳ್ಳೆಯದು.

ತೊಂದರೆಯಾದದ್ದು ಅಲ್ಲಿಂದ ಆಗೊಂದಕ್ಕೆ ಇಳಿಯುವಾಗ. ಹಿಂದಿನ ಬ್ರೇಕಿನಿಂದ ಮೊದಲು ರಬ್ಬರ್ ಸುಟ್ಟ ವಾಸನೆ ಬಂತು, ಆಮೇಲೆ ಲೋಹ ಉಜ್ಜುವ ಕಿರ್ ಎಂಬ ಸದ್ದು. ನಿಲ್ಲಿಸಿ ನೋಡಿದರೆ ಬ್ರೇಕ್ ರಬ್ಬರ್ ಪೂರ್ತಿ ಸವೆದು ಒಳಗಿನ ತಗಡು ರಿಮ್ಮಿನ ಮೇಲೆ ಬೆಳ್ಳಗೆ ಗೀರು ಎಳೆದಿತ್ತು. ಹೊರಡುವ ಮುನ್ನ ಚೈನು, ಟೈರು, ಗೇರ್ ತಂತಿ ಎಲ್ಲವನ್ನೂ ನೋಡಿದವನು ಬ್ರೇಕ್ ರಬ್ಬರನ್ನು ಮಾತ್ರ ನೋಡಿರಲಿಲ್ಲ. ಮುಂದಿನ ಬ್ರೇಕ್ ಒಂದನ್ನೇ ನಂಬಿ ಕಡಿದಾದ ಇಳಿಜಾರಿನಲ್ಲಿ ಸೈಕಲ್ ಓಡಿಸಿದರೆ ತಲೆಕೆಳಗಾಗುವ ಅಪಾಯವಿರುವುದರಿಂದ, ಕಡಿದಾದಲ್ಲಿ ನಡೆದು, ಸಮತಟ್ಟಾದಲ್ಲಿ ಮಾತ್ರ ಹತ್ತಿ, ಕತ್ತಲಾದ ಮೇಲೆ ಆಗೊಂದ ಮುಟ್ಟಿದೆ. ಅಲ್ಲಿನ ಕಡಲತಡಿಯಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ಹಾಗಾಗಿ ಮರಳಿನ ಮೇಲೆ ಟೆಂಟ್ ಹಾಕಬಾರದು. ಒಂದು ಮನೆಯ ಹಿತ್ತಿಲಲ್ಲಿ ಕೇಳಿಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ, ಅಂದರೆ ಕಾಣಕೋಣ ಪೇಟೆಯಲ್ಲಿ, ಸೈಕಲ್ ಅಂಗಡಿ ತೆರೆಯುವುದನ್ನೇ ಕಾದೆ. ನನ್ನ ಸೈಕಲ್ಲಿನ ಕಂಪನಿಯ ರಬ್ಬರ್ ಅಲ್ಲಿರಲಿಲ್ಲ. ಅಂಗಡಿಯವರು ಮಕ್ಕಳ ಗೇರ್ ಸೈಕಲ್ಲಿಗೆ ಹಾಕುವ ಜೋಡಿಯೊಂದನ್ನು ತೆಗೆದು, ಹಿಡಿದು ನೋಡಿ, ಹತ್ತು ನಿಮಿಷದಲ್ಲಿ ಕೂರಿಸಿಕೊಟ್ಟರು. ಅದೇ ಈಗಲೂ ಇದೆ. ದೂರದ ಪ್ರಯಾಣಕ್ಕೆ ಹೀಗೆ ರಬ್ಬರಿನಿಂದ ರಿಮ್ಮನ್ನು ಒತ್ತಿ ಹಿಡಿಯುವ ಸಾಧಾರಣ ವಿ-ಬ್ರೇಕಿನ ಸೈಕಲ್ಲೇ ಸಾಕು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ: ಡಿಸ್ಕ್ ಬ್ರೇಕಿನ ಪ್ಯಾಡನ್ನು ಸಣ್ಣ ಪೇಟೆಗಳಲ್ಲಿ ಹುಡುಕುವುದು ಕಷ್ಟ.

ತಳಪಣ, ಗಾಲ್ಜಿಬಾಗ, ಲೋಲಿಯೆ, ಪೊಳೆ ಬೇಗನೆ ಮುಗಿದವು. ಮಾಜಾಳಿಯ ತನಿಖಾ ಠಾಣೆ ದಾಟಿದ ಮೇಲೆ ಫಲಕಗಳು ಕನ್ನಡಕ್ಕೆ ತಿರುಗಿದವು. ಕಾಳಿ ನದಿಗೆ ಮುನ್ನ ಎಡಬಲಕ್ಕೆ ಸೀಳಿದಂತೆ ನಿಂತಿರುವ ಗುಡ್ಡವೇ ಸದಾಶಿವಗಡ, ಅದೂ ಸೋದೆಯವರದೇ ಕೋಟೆ. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಿದ್ದರಿಂದ ನಾನು ಹೋದಾಗ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡುತ್ತಿದ್ದವು. ಲಾರಿಗಳ ಸಾಲು ಸ್ವಲ್ಪ ತೆರಪಾಗುವವರೆಗೆ ಗುಡ್ಡದ ಬುಡದಲ್ಲಿ ಕಾದು, ಒಂದೇ ಉಸಿರಿಗೆ ದಾಟಿದೆ.

ವಾಪಸು ಬಂದದ್ದು ರೈಲಿನಲ್ಲಿ. ಕಾರವಾರ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಸೈಕಲ್ಲನ್ನು ಲಗೇಜ್ ವ್ಯಾನಿಗೆ ಬುಕ್ ಮಾಡಲು ಒಂದು ತಾಸು ಮೊದಲೇ ಹೋಗಿ, ಪೆಡಲ್ ಕಳಚಿ, ಗೇರಿನ ಭಾಗಕ್ಕೆ ಗೋಣಿ ಸುತ್ತಿ ಕೊಟ್ಟೆ. ಮಡಗಾಂವಿನಲ್ಲಿ ಇಳಿಸಿಕೊಂಡು ಗೋಣಿ ಬಿಚ್ಚಿದಾಗ ಎರಡೇ ದಿನದ ಉಪ್ಪುಗಾಳಿಗೆ ಚೈನಿನ ಮೇಲೆ ಕೆಂಪು ತುಕ್ಕು ಕೂತಿತ್ತು. ಮನೆಗೆ ಹೋದವನು ಸ್ನಾನಕ್ಕೂ ಮೊದಲು ಸಿಹಿನೀರಿನಲ್ಲಿ ಚೈನ್ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದು ಕೊಂಡಿಗೂ ಎಣ್ಣೆ ಬಿಟ್ಟೆ.